ಹನ್ನೊಂದು ಗೇಟ್‌ಪಾಸ್

ಜೂನ್ 3, ಮಂಗಳವಾರ. ಮಧ್ಯಾಹ್ನ 3
ಬೆಳಗ್ಗೆಯಿಂದ ನನ್ನ ಕಂಪ್ಯೂಟರ್ ಅಂಗಡಿಯಲ್ಲಿ ಆಧಾರ್ ತಿದ್ದುಪಡಿ, ಪಹಣಿ, ಮತ್ತೆ ಆಧಾರ್. ಕಾರ್ಡಿನಲ್ಲಿ ಕುರೆಕುಪ್ಪದ ಅರ್ಧ ಊರಿನ ಹುಟ್ಟಿದ ದಿನ ಜನವರಿ 1. ನಗು ಬರುತ್ತಿತ್ತು.

ಆಮೇಲೆ ನಮ್ಮ ಅಕ್ಕ ದುರ್ಗಕ್ಕನ ಫೋನು. ಕಾರ್ಖಾನೆಯಲ್ಲಿ ಅವಳ ಗ್ಯಾಂಗಿನ ಮೌನೇಶ್ ಶೆಡ್ಡಿನ ಮೇಲಿಂದ ಬಿದ್ದನಂತೆ. ಅಂಬ್ಯುಲೆನ್ಸ್ ಕೇಳಿದರೆ "ಕಾಂಟ್ರಾಕ್ಟ್ ಲೇಬರಾ? ನಿಮ್ಮ ಕಾಂಟ್ರಾಕ್ಟರಿಗೆ ಹೇಳ್ರಿ" ಅಂದರಂತೆ. ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೊಸಪೇಟೆಗೆ ಹೊರಟರು... ದಾರಿಯಲ್ಲೇ ಹೋದ. ಅಕ್ಕನ ತೊಡೆಯ ಮೇಲೆ.

ಜೂನ್ 6
ವಾಟ್ಸಾಪ್ ಗ್ರೂಪ್ ಮಾಡಿದೆ. 'ಮೌನೇಶ್‌ಗೆ ನ್ಯಾಯ'. 214 ಜನ. ಅಡ್ಮಿನ್ ನಾನೇ. ನಾಳೆ ಕಾರ್ಖಾನೆ ಗೇಟಿನ ಮುಂದೆ ಧರಣಿ ಅಂತ ಹಾಕಿದೆ — 180 ಥಂಬ್ಸ್ ಅಪ್.

ಹೊಸಪೇಟೆಯ ಪಂಪೇಶ್ ಸೇರಿಕೊಂಡಿದ್ದಾನೆ. ಹೋರಾಟಗಾರ. ಲೈವ್‌ನಲ್ಲಿ ಮಸ್ತ್ ಮಾತಾಡುತ್ತಾನೆ. ಫೋನ್ ಮಾಡಿ ಪಾಠ ಹೇಳಿದ: "ಮುಖ ಕಾಣ್ಬೇಕ್ರಿ ಅಕ್ಕಾರ. ಮುಖ ಇಲ್ದಿದ್ರ ಯಾರೂ ಶೇರ್ ಮಾಡಂಗಿಲ್ಲ."

ಜೂನ್ 7. ಸಂಜೆ
ಅಕ್ಕ ಸೇರಿ ಬಂದವರು ಹನ್ನೊಂದು. ಉಳಿದ ಹೆಬ್ಬೆಟ್ಟುಗಳು ಎಲ್ಲಿ ಹೋದವೋ.

ಹನ್ನೊಂದೂ ಜನ ಶಿಫ್ಟ್ ಮುಗಿಸಿ ನೇರ ಬಂದ ಕೆಲಸಗಾರರು. ಮುಖದ ಮೇಲೆ ಕೆಂಪು ಧೂಳು ಹಾಗೇ ಇತ್ತು. ಅವರ ನಡುವೆ ಮೌನೇಶನ ಹೆಂಡತಿ ಭರಮಮ್ಮ. ಪಕ್ಕದಲ್ಲಿ ಅಕ್ಕ, ಕೈಯಲ್ಲಿ ರಟ್ಟು — 'ನಮಗೂ ಅಂಬ್ಯುಲೆನ್ಸ್ ಕೊಡಿ'. ಫೋಟೋ ಭಾಳ ಚೆನ್ನಾಗಿ ಬಂದಿದೆ. ನನ್ನ ಫೇಸ್‌ಬುಕ್ ಪೇಜಿಗೆ ಹಾಕಿದೆ.

ಜೂನ್ 9
42 ಸಾವಿರ ಲೈಕ್! ಬೆಂಗಳೂರಿನ ಯಾರೋ ಅಕ್ಕನ ಕಣ್ಣಿನ ಬಗ್ಗೆ ಕವನ ಬರೆದಿದ್ದಾರೆ. ಇವತ್ತು ಫೋನ್ ನೋಡುತ್ತಾ ಒಬ್ಬರ ಪಹಣಿ ಇನ್ನೊಬ್ಬರಿಗೆ ಕೊಟ್ಟೆ. ಬೈಸಿಕೊಂಡರೂ ಬೇಜಾರಾಗಲಿಲ್ಲ. ಹೆಮ್ಮೆ ನನಗೆ. ಯಾರೂ ಓದದ ಕಡೆ ಸುಳ್ಳೇಕೆ ಬರೆಯಲಿ.

ಜೂನ್ 10. ಬೆಳಗ್ಗೆ 7:30
ಡ್ಯೂಟಿಗೆ ಹೋದ ಅಕ್ಕ ವಾಪಸ್ ಬಂದಳು. ಗೇಟಿನಲ್ಲಿ ಪಾಸ್ ಒತ್ತಿದರೆ ಕೆಂಪು ದೀಪ. ಬ್ಲಾಕ್. ಅವಳದಷ್ಟೇ ಅಲ್ಲ, ಸರಿಯಾಗಿ ಹನ್ನೊಂದು ಜನರದು. ಆ ಪಾಸ್ ಇಲ್ಲದಿದ್ದರೆ ಸುತ್ತಮುತ್ತಲ ಯಾವ ಕಾರ್ಖಾನೆಯ ಗೇಟೂ ತೆರೆಯಲ್ಲ. ಅಕ್ಕನ ಇಬ್ಬರು ಮಕ್ಕಳು, ಅವ್ವ, ನಾನು — ಎಲ್ಲರ ಊಟ ಅದರಲ್ಲೇ.

ನಮ್ಮ ಹೆಸರು ಅವರಿಗೆ ಹೆಂಗ ಸಿಕ್ತು ಅಂತ ಕೇಳಿದಳು. ಫೋಟೋ ತೆಗೆದು ಎರಡು ಬೆರಳಿನಿಂದ ಹಿಗ್ಗಿಸಿದೆ. ಎಲ್ಲರ ಕೊರಳಲ್ಲೂ ಪಾಸ್. ಶಿಫ್ಟ್ ಬಸ್ ಇಳಿದು ನೇರ ಬಂದವರು ತೆಗೆದೇ ಇಲ್ಲ. ಹೆಸರು, ನಂಬರ್, ಕಾಂಟ್ರಾಕ್ಟರ್ — ಎಲ್ಲ ಓದಬಹುದು. ದಿನವಿಡೀ ಕಾರ್ಡು ನೋಡಿ ನಂಬರ್ ಹೊಡೆಯುವವಳು ನಾನು. ನನಗೇ ಕಾಣಲಿಲ್ಲ.

ಡಿಲೀಟ್ ಮಾಡಿದೆ. ಅಷ್ಟರಲ್ಲಿ ಮೂರು ಸಾವಿರ ಶೇರ್.

ಜೂನ್ 13
ಲೆಫ್ಟ್. ಲೆಫ್ಟ್. ಲೆಫ್ಟ್. ಗ್ರೂಪಿನಲ್ಲಿ ಈಗ 19.

ಪಂಪೇಶ್ ನಾಲ್ಕನೇ ಸಲಕ್ಕೆ ಫೋನ್ ಎತ್ತಿದ. "ಸಂಡೂರಾಗ ಅದೀನ್ರಿ ಅಕ್ಕಾರ, ಇಲ್ಲೊಂದು ಬ್ಯಾರೆ ಇಶ್ಯೂ ಐತಿ." ಹಿಂದೆ ಯಾರೋ ಮೈಕ್ ಟೆಸ್ಟ್ ಮಾಡುತ್ತಿದ್ದರು.

ಜೂನ್ 19
ಕಾಂಟ್ರಾಕ್ಟರ್ ನಾಗಭೂಷಣ ಟೈಪ್ ಮಾಡಿದ ಹಾಳೆ ಕಳಿಸಿದ್ದಾನೆ. ಅಕ್ಕ ಅದನ್ನು ಹೇಳುವ ವಿಡಿಯೋ ನನ್ನ ಪೇಜಿನಲ್ಲಿ ಹಾಕಿದರೆ ಪಾಸ್ ಓಪನ್. 'ತಪ್ಪು ಮಾಹಿತಿ ನೀಡಿದ್ದಕ್ಕೆ ಕ್ಷಮೆ ಇರಲಿ. ಅಂಬ್ಯುಲೆನ್ಸ್ ಸಮಯಕ್ಕೆ ಬಂದಿತ್ತು. ಮೌನೇಶ್ ಸೇಫ್ಟಿ ಬೆಲ್ಟ್ ಹಾಕಿರಲಿಲ್ಲ.'

ಅಕ್ಕನಿಗೆ ಬಾಯಿಪಾಠ ಮಾಡಿಸಿದೆ. ಕಿಟಕಿಯ ಬೆಳಕಿಗೆ ಕೂರಿಸಿದೆ. ಆರು ಸಲ ತೆಗೆದರೂ ಬೆಲ್ಟಿನ ಮಾತಿಗೆ ಬಂದು ನಿಲ್ಲುತ್ತಾಳೆ.
"ಬೆಲ್ಟ್ ಕೊಟ್ಟಽ ಇರ್ಲಿಲ್ಲಲೇ ಅಂಜಲಿ. ಹೆಂಗ ಹೇಳ್ಲಿ?"
"ಹೇಳಿಬಿಡಕ್ಕ. ಎರಡು ದಿನ ನೋಡ್ತಾರ, ಮರಿತಾರ."
ಹಾಗಂದವಳು ನಾನು. ಏಳನೆಯದು ಸರಿಯಾಗಿ ಬಂತು.

ಜೂನ್ 21
ಅಕ್ಕ ಡ್ಯೂಟಿಗೆ ಹೋದಳು. ಹಸಿರು ದೀಪ.

'ಎಷ್ಟಕ್ಕೆ ಮಾರಿಕೊಂಡೆ?' — ಹೀಗೆ ಕಾಮೆಂಟ್ ಹಾಕಿದವರಲ್ಲಿ ಆ ಕವನದವರೂ ಇದ್ದಾರೆ. ಅಕ್ಕನಿಗೆ ತೋರಿಸಿಲ್ಲ. ಮನೆಯಲ್ಲಿ ಅವಳು ಈಗ ನನ್ನ ಜೊತೆ ಮಾತಾಡುವುದೂ ಕಮ್ಮಿ.

ಜುಲೈ 8, ಮಂಗಳವಾರ. ಬೆಳಗ್ಗೆ 11
ಭರಮಮ್ಮ ಅಂಗಡಿಗೆ ಬಂದಳು. ಕೈಯಲ್ಲಿ ರಿಜಿಸ್ಟರ್ಡ್ ಪೋಸ್ಟ್. "ಏನ್ ಬರ್ದಾರ ಓದವ್ವ ತಂಗಿ."

ಅವಳು ಪರಿಹಾರ ಕೇಳಿ ಹಾಕಿದ ಅರ್ಜಿಗೆ ಕಾಂಟ್ರಾಕ್ಟರನ ವಕೀಲರ ಉತ್ತರ. ಮೌನೇಶ್ ಸತ್ತದ್ದು ಅವನದೇ ನಿರ್ಲಕ್ಷ್ಯದಿಂದ. ಆಧಾರ: ಜೊತೆಗಿದ್ದ ಕಾರ್ಮಿಕ ಮಹಿಳೆಯ ವಿಡಿಯೋ ಹೇಳಿಕೆ. ಅಕ್ಕನ ಹೆಸರು, ನನ್ನ ಪೇಜಿನ ಲಿಂಕು.

ಅವಳಿಗೆ ಮೊದಲ ಸಾಲಷ್ಟೇ ಓದಿ ಹೇಳಿದೆ. ಬೆಲ್ಟ್ ಹಾಕಿರಲಿಲ್ಲ ಅಂತಾರೆ, ಅಂದೆ. ಅವಳ ಹತ್ತಿರ ಇರುವುದು ಬಟನ್ ಫೋನು. ವಿಡಿಯೋ ನೋಡಿಲ್ಲ. ಯಾರೂ ಹೇಳಿಯೂ ಇಲ್ಲ.

"ಸುಳ್ಳು ಅಂತ ಬರಿ," ಅಂದಳು. "ದುರ್ಗಕ್ಕ ಕಣ್ಣಾರೆ ನೋಡ್ಯಾಳ. ಆಕಿನ್ನ ನಮ್ಮ ಸಾಕ್ಷಿ ಅಂತ ಹಾಕು. ಆಕಿ ಸುಳ್ಳು ಹೇಳಾಕಿ ಅಲ್ಲ."

ಬೆಂಚಿನ ಮೇಲೆ ಕೂತಿದ್ದಾಳೆ. ನಾನು ಬರೆಯುತ್ತಿರುವುದು ಅವಳ ಉತ್ತರ ಅಂದುಕೊಂಡಿದ್ದಾಳೆ. ಆತ್ರ ಇಲ್ಲವ್ವ, ನಿಧಾನಕ್ಕ ಬರಿ ಅನ್ನುತ್ತಿದ್ದಾಳೆ. ಬರೆಯುತ್ತಲೇ ಇದ್ದೇನೆ. ಈ ಪುಟ ಮುಗಿದರೆ ತಲೆ ಎತ್ತಬೇಕು, ಎತ್ತಿ ಅವಳಿಗೆ