ಕೊಸರು ನಿಲ್ಲಿಸಿದ ಬೋರ್ಡು

ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರ್ ಸಾಹೇಬರೇ,

ನಮ್ಮ ಬೀದಿಯ ಸೊಣ್ಣಪ್ಪನ ದಿನಸಿ ಅಂಗಡಿಗೆ ನೀವು ನ್ಯಾಯ ತಂದಿರಿ. ಅಂದಿನಿಂದ ನನಗೆ ನಷ್ಟವಾಗುತ್ತಿದೆ.

ಅವನ ತಕ್ಕಡಿಯಲ್ಲಿ ಸಾಮಾನು ಹಾಕುವ ತಟ್ಟೆಯ ಅಡಿಗೆ ಹುಣಸೆಹಣ್ಣಿನ ಉಂಡೆಯೊಂದು ಅಂಟಿಕೊಂಡಿತ್ತು. ತಾನಾಗಿಯೇ ಅಂಟಿತೆಂದು ಅವನು ಆಂಜನೇಯನ ಮೇಲೆ ಆಣೆ ಇಟ್ಟಿದ್ದಾನೆ. ಅದು ಅವರಿಬ್ಬರಿಗೆ ಬಿಟ್ಟದ್ದು. ದೀಪಾವಳಿಗೆ ಮುಂಚೆ ನೀವು ಜೀಪಿನಲ್ಲಿ ಬಂದು ಉಂಡೆ ಕೀಳಿಸಿದಿರಿ, ದಂಡ ಹಾಕಿದಿರಿ. ‘ಸರಿಯಾದ ತೂಕ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ’ ಎಂಬ ಬೋರ್ಡನ್ನು ಮುಂದೆ ನಿಂತು ಹೊಡೆಸಿದಿರಿ. ಚೀಲ ಹಿಡಿದು ಪಕ್ಕದಲ್ಲೇ ನಿಂತಿದ್ದ ನಾನು ಮನಸ್ಸಿನಲ್ಲೇ ನಿಮಗೆ ಕೈ ಮುಗಿದೆ.

ಮಾರನೆಯ ದಿನ ಒಂದು ಕಿಲೋ ಹೆಸರುಬೇಳೆ ಕೊಂಡೆ. ಮುಳ್ಳು ನೆಟ್ಟಗೆ ನಿಂತಿತು. ಸೊಣ್ಣಪ್ಪ ಪೊಟ್ಟಣ ಕಟ್ಟಲು ದಾರ ಎಳೆದ.

“ಕೊಸರು ಎಲ್ಲಪ್ಪಾ?”

“ಬೋರ್ಡ್ ಓದ್ಕೊಳ್ಳಕ್ಕಾ. ಒಂದು ಕಾಳು ಜಾಸ್ತಿ ಹಾಕಿದ್ರೂ ಸಾಹೇಬ್ರು ಅಂಗಡಿ ಮುಚ್ಚಿಸ್ತಾರೆ.”

“ಜಾಸ್ತಿ ಕೊಟ್ರೆ ಮುಚ್ಚಿಸ್ತಾರಾ? ಅದ್ಯಾವ ಕಾನೂನೋ?”

“ನಂಗೇನು ಗೊತ್ತು? ಅರ್ಜಿ ಹಾಕ್ದೋರ್ನ ಕೇಳಿ!”

ಕೊಸರು ಎಂದರೇನೆಂದು ನಿಮಗೆ ಹೇಳಿಕೊಡಬೇಕೇ? ತೂಗಿದ ಮೇಲೆ ಅಂಗಡಿಯವನು ಕೈಯಾರೆ ಹಾಕುವ ಒಂದು ಹಿಡಿ. ಸೇರು, ಪಾವು ಹೋಗಿ ಕಿಲೋ ಬಂದಾಗಲೂ ಅದು ಹೋಗಿರಲಿಲ್ಲ. ನಮ್ಮೆಜಮಾನರ ಸಂಬಳದಲ್ಲಿ ಆರು ಹೊಟ್ಟೆ ತುಂಬಿಸುವ ನಾನು ಕರಿಬೇವು, ಕೊತ್ತಂಬರಿಗೆಂದು ಈವರೆಗೆ ಕಾಸು ಬಿಚ್ಚಿದವಳಲ್ಲ; ಗಾಂಧಿಬಜಾರಿನ ತರಕಾರಿಯವರು ಕೊಸರಿಗೆ ಹಾಕುತ್ತಾರೆ. ಬೇಳೆ, ಬೆಲ್ಲದ ಕೊಸರನ್ನು ಮಾತ್ರ ನಾನು ಅಡಿಗೆಗೆ ಮುಟ್ಟುವುದಿಲ್ಲ. ಅದು ದೇವರ ಗೂಡಿನ ಕೆಳಗಿನ ಮಡಕೆಗೆ. ವರ್ಷವಿಡೀ ಕೂಡಿದ್ದರಲ್ಲಿ ರಾಮನವಮಿಗೆ ಕೋಸಂಬರಿ, ಪಾನಕ ಮಾಡಿ ಬೀದಿಯಲ್ಲಿ ಹೋಗುವವರಿಗೆಲ್ಲ ಹಂಚುತ್ತೇನೆ. ಹನ್ನೆರಡು ವರ್ಷದಿಂದ ನಡೆದ ಹರಕೆ. ಈ ಸಲ ಹಬ್ಬಕ್ಕೆ ಇಪ್ಪತ್ತು ದಿನವಿದೆ, ಮಡಕೆ ಅರ್ಧಕ್ಕೇ ನಿಂತಿದೆ. ಕೊಂಡು ತುಂಬಿಸಮ್ಮಾ ಎನ್ನುತ್ತೀರಾ? ಕೊಂಡರೆ ಅದು ಯಜಮಾನರ ಸಂಬಳದ್ದಾಯಿತು. ಹರಕೆ ಇರುವುದು ಬೇರೆಯವರು ಕೈಯಾರೆ ಕೊಟ್ಟ ಹಿಡಿಯದ್ದು. ಸೊಣ್ಣಪ್ಪನ ಪಾಪವೂ ಅದರಲ್ಲಿ ಅಷ್ಟಿಷ್ಟು ಕರಗಲಿ ಎಂಬುದು ನನ್ನ ಆಸೆ.

ಹೇಳಿಕೊಳ್ಳಲು ನಾಚಿಕೆ, ಆದರೂ ದೇವರ ಮುಂದೆ ಮುಚ್ಚುಮರೆ ಏಕೆ? ಉಂಡೆಯ ವಿಷಯ ನಿಮಗೆ ಕಾರ್ಡಿನಲ್ಲಿ ಬರೆದು ಹಾಕಿದವಳು ನಾನೇ. ಪಕ್ಕದ ಮನೆಯ ರುದ್ರಾಣಿಗೆ ಅದು ಹೇಗೋ ಗೊತ್ತಾಗಿ, ನಲ್ಲಿಯ ಹತ್ತಿರ ದಿನಾ ಮಂಗಳಾರತಿ.

“ಕದ್ದಿದ್ರಲ್ಲೇ ಒಂಚೂರು ವಾಪಸ್ ಕೊಡ್ತಿದ್ದ ಪುಣ್ಯಾತ್ಮ. ಅವನನ್ನ ಸಾಚಾ ಮಾಡ್ಬಿಟ್ರಲ್ಲ ತಿಮ್ಮಕ್ಕ, ಈಗ ನಂಗೂ ಬೆಲ್ಲದ ಚೂರಿಲ್ಲ!”

ನಾನು ಹಳ್ಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಓದಿದವಳು, ಸಾಹೇಬರೇ. ಕಡಿಮೆ ಕೊಟ್ಟರೆ ಅಪರಾಧ ಎಂಬುದು ತಿಳಿಯುತ್ತದೆ. ‘ಹೆಚ್ಚೂ ಇಲ್ಲ’ ಎಂದು ಬರೆಸಲು ನಿಮಗೆ ಹೇಳಿದವರು ಯಾರು? ಸರ್ಕಾರಕ್ಕೆ ಮೋಸ ಹಿಡಿಯಲು ಬರುತ್ತದೆ, ಸರಿ. ಧಾರಾಳವನ್ನೂ ಅದರ ಜೊತೆಗೇ ಹಿಡಿದುಕೊಂಡು ಹೋಗಬೇಕೇ? ತೂಕ ಕಾನೂನಿನದು, ಕೊಸರು ಧರ್ಮದ್ದು. ನನಗೆ ಎರಡೂ ಬೇಕು.

ಆದ್ದರಿಂದ ಆ ಬೋರ್ಡಿನ ಕೆಳಗೆ, ‘ತೂಕ ಸರಿಯಾದ ಮೇಲೆ ಕೊಸರು ಹಾಕಲು ಅಡ್ಡಿಯಿಲ್ಲ’ ಎಂದು ನಿಮ್ಮ ಕೈಯಲ್ಲೇ ಬರೆದು ರುಜು ಹಾಕಿ ಹೋಗಿ. ಹಬ್ಬಕ್ಕೆ ಮೊದಲೇ ಬನ್ನಿ. ಬಾರದಿದ್ದರೆ ರಾಮನವಮಿಯ ದಿನವಾದರೂ ಬಂದೇ ಬರುತ್ತೀರಿ, ನನಗೆ ಗೊತ್ತು. ಹೋದ ವರ್ಷ ನಮ್ಮ ಬಾಗಿಲಲ್ಲಿ ಜೀಪು ನಿಲ್ಲಿಸಿ, ದೊನ್ನೆ ಖಾಲಿಯಾದ ಮೇಲೂ ಮುಂದೆ ಹಿಡಿದು, “ಅಮ್ಮಾ, ಇನ್ನೊಂಚೂರು ಹಾಕಿ” ಎಂದವರು ನೀವೇ. ದಂಡ ಹಾಕುವಾಗ ಆ ದನಿ ಕೇಳಿಯೇ ಗುರುತು ಹಿಡಿದೆ.

ಈ ಸಲ ಪಾನಕದ ಹಂಡೆಯ ಪಕ್ಕ ಸೊಣ್ಣಪ್ಪನ ತಕ್ಕಡಿ, ಬೋರ್ಡು ಎರಡನ್ನೂ ತಂದು ಇಟ್ಟಿರುತ್ತೇನೆ. ಹುಣಸೆಹಣ್ಣಿಲ್ಲ, ನೋಡಿಕೊಳ್ಳಬಹುದು. ನೀವು ಎರಡನೆಯ ಸಲ ದೊನ್ನೆ ಚಾಚಿದಾಗ ಬೋರ್ಡು ತೋರಿಸುತ್ತೇನೆ.

ಇಂತಿ,
ಕಾರ್ಡು ಬರೆದು ಕೊಸರು ಕಳೆದುಕೊಂಡ
ತಿಮ್ಮಕ್ಕ,
ಎನ್.ಆರ್. ಕಾಲೋನಿ