ಕುಳ್ಳು ಸ್ಟೂಲಿನ ಮೇಲೆ ಒಂದು ಗಂಟೆ

ಮಾಂಟ್ರಿಯಲ್
ನವೆಂಬರ್ ೪, ೨೦೧೮

ಪ್ರೀತಿಯ ಬ್ಲೂಮಾ ಅಕ್ಕನಿಗೆ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡಕ್ಕೆ ಕ್ಷಮಿಸು. ಕೆಲಸವಿತ್ತು ಎಂದು ಬರೆಯಹೊರಟೆ, ಅದು ಸುಳ್ಳು. ಎರಡು ಸಲ ಬರೆದು ಹರಿದೆ; ಮೊದಲನೆಯದು ತೀರಾ ಒಳ್ಳೆಯದಾಗಿತ್ತು, ಎರಡನೆಯದು ತೀರಾ ಕೆಟ್ಟದಾಗಿತ್ತು. ನಿನ್ನ ಮಂಡಿನೋವು ಹೇಗಿದೆ? ನಿನ್ನ ಮಗಳು ಫ್ರೇಡೆಲ್‌ಗೆ ಗಂಡು ಗೊತ್ತಾಗುವ ಹಾಗಿದೆ ಎಂದು ಓದಿ ನಿಜವಾಗಿ ಸಂತೋಷವಾಯಿತು. ಆ ಸಂತೋಷವನ್ನು ಬೇರೆಯಾಗಿ ಎತ್ತಿಟ್ಟು ಉಳಿದದ್ದನ್ನು ಬರೆಯುತ್ತೇನೆ.

ನೀನು ಕೇಳಿರುವುದು ಒಂದೇ. ಇಪ್ಪತ್ತೆರಡರ ಗುರುವಾರ ಟೊರಾಂಟೊದಲ್ಲಿ, ನಿನ್ನ ಮನೆಯಿಂದ ಮೂರು ಬೀದಿ ಆಚೆ, ನಾನು ಒಬ್ಬಳೇ ಆಡುವ ನಗೆನಾಟಕವಿದೆ. ಯಹೂದಿ ಮನೆಯ ಹುಡುಗಿಯೊಬ್ಬಳು ಗಂಡನ್ನೂ ಹೆಣ್ಣನ್ನೂ ಪ್ರೀತಿಸುತ್ತ ಬೆಳೆದ ಕಥೆ ಎಂದು ಗೋಡೆಚೀಟಿಯಲ್ಲೇ ಹಾಕಿದ್ದಾರೆ. ಅದು ಕಂಡರೆ ನೀನು ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತೀಯಂತೆ. ನಾಟಕದಲ್ಲಿ ನೀನು ಬರುವ ಭಾಗವನ್ನು ತೆಗೆಯಬೇಕು. ಗಂಡಿನ ತಾಯಿಯ ಕಿವಿಗೆ ಬಿದ್ದಿದೆ. "ನಮ್ಮನೆ ಚಮಚದ ಕಥೆ ಊರಿಗೆಲ್ಲ ಯಾಕೆ ಬೇಕೇ ಗಿತ್ತೆಲ್?" ಎಂದು ಬರೆದಿದ್ದೀಯ.

ಊರಿಗೆ ಬೇಕು ಅಕ್ಕ. ಊರು ಹೆಚ್ಚು ನಗುವುದು ಅದಕ್ಕೇ.

ನಿನಗೆ ಹೇಗೆ ನೆನಪಿದೆಯೋ, ನಾನು ಆಡುವುದು ಹೀಗೆ. ನನಗೆ ಹತ್ತೊಂಬತ್ತು. ಶುಕ್ರವಾರ ಸಂಜೆ, ದೀಪ ಹಚ್ಚಲು ಇನ್ನೂ ಹೊತ್ತಿದೆ. ಹೋದ ವರ್ಷ ಡೋವ್‌ನನ್ನು ಪ್ರೀತಿಸಿದ್ದು ನಿಜ, ಈಗ ನೆಹಾಮಾಳನ್ನು ಪ್ರೀತಿಸುತ್ತಿರುವುದೂ ನಿಜ ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳುತ್ತೇನೆ. ಗಾಬರಿಯಲ್ಲಿ ಅಮ್ಮ, ಮಾಂಸಕ್ಕೆ ತಾಗಲೇಬಾರದ ಹಾಲಿನ ಚಮಚವನ್ನು ಕೋಳಿ ಸೂಪಿಗೆ ಅದ್ದಿಬಿಡುತ್ತಾಳೆ. ನೀನು ಅದನ್ನು ಕಿತ್ತುಕೊಂಡು, ಮೈಲಿಗೆ ಹೋಗಲೆಂದು ಕಿಟಕಿಯ ಹೂಕುಂಡದ ಮಣ್ಣಿಗೆ ಚುಚ್ಚುತ್ತೀಯ.

"ಹುಡುಗನೋ ಹುಡುಗಿಯೋ, ಒಂದು ಹೇಳೇ. ಎರಡೂ ಅಂದ್ರೆ ಏನರ್ಥ? ಈ ಮನೇಲಿ ಹಾಲಿಗೊಂದು ಪಾತ್ರೆ, ಮಾಂಸಕ್ಕೊಂದು ಪಾತ್ರೆ ಯಾಕಿದೆ ಅಂದ್ಕೊಂಡೆ?"

"ನಾನು ಪಾತ್ರೆ ಅಲ್ವಲ್ಲೇ."

"ಅದೇ ಕಷ್ಟ. ಪಾತ್ರೆ ಆಗಿದ್ರೆ ಕುಂಡದಲ್ಲಿ ನೆಟ್ಟುಬಿಡ್ತಿದ್ದೆ."

ಆಗ ಪತ್ರಿಕೆಯ ಹಿಂದಿನಿಂದ ಅಪ್ಪ, "ನೆಡಮ್ಮ, ನೆಡು. ಬಿಸಿಲು ಬೀಳೋ ಕಡೆ ನೆಡು. ಚೆನ್ನಾಗಿ ಬೆಳೀಲಿ ನನ್ ಮಗಳು" ಎನ್ನುತ್ತಾರೆ.

ನಿನ್ನ ದನಿಯನ್ನು ಚೆನ್ನಾಗಿ ಮಾಡುತ್ತೇನೆ. ಅದು ಗಂಟಲಿನದಲ್ಲ, ಮೂಗಿನದು. ನೀನು ಬಾಯಿ ತೆರೆದ ಕೂಡಲೇ ಮುಂದಿನ ಸಾಲಿನ ಮುದುಕಿಯರು, "ನಮ್ಮನೇಲೂ ಒಬ್ಬಳಿದ್ದಾಳೆ ಕಣೇ" ಎಂದು ಒಬ್ಬರನ್ನೊಬ್ಬರು ತಿವಿಯುತ್ತಾರೆ.

ಇದು ನ್ಯಾಯವೋ ಬರೀ ಹಗೆಯೋ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಎರಡು ಊರಲ್ಲಿ ನಿನ್ನ ಹೆಸರು ಬದಲಿಸಿ ಆಡಿ ನೋಡಿದೆ. ಜನ ಅಷ್ಟೇ ನಕ್ಕರು. ನನಗೆ ಸಾಲಲಿಲ್ಲ. ಹಾಗಾದರೆ ಹಗೆಯೇ ಇರಬೇಕು. ಮೂರನೆಯ ಊರಲ್ಲಿ ಮತ್ತೆ ಬ್ಲೂಮಾ ಎಂದೇ ಕರೆದೆ.

ನಿನ್ನೂರಿನ ಸಭಾಂಗಣ ನೋಡಿಕೊಳ್ಳುವ ಪಿನ್ಹಸ್ ಫೋನ್ ಮಾಡಿದ್ದ. "ಒಂದೇ ಗಂಟೆನಾ ಮೇಡಂ? ಇನ್ನೊಂದಿಪ್ಪತ್ತು ನಿಮಿಷ ಎಳೀರಿ, ಜನ ದೂರದಿಂದ ಬರ್ತಾರೆ." ಆಗುವುದಿಲ್ಲ ಎಂದೆ. "ಆ ಕುಳ್ಳು ಸ್ಟೂಲಾದ್ರೂ ಬಿಡಿ. ಅದ್ರಲ್ಲಿ ಕೂತ್ರೆ ಹಿಂದಿನ ಸಾಲಿಗೆ ನೀವು ಕಾಣೋದೇ ಇಲ್ಲ." ಅದೂ ಆಗುವುದಿಲ್ಲ ಎಂದೆ.

ನಿನಗೂ ಅದೇ ಉತ್ತರ. ಏನನ್ನೂ ತೆಗೆಯುವುದಿಲ್ಲ. ಮೊದಲ ಸಾಲಿನ ನಡುವಿನ ಕುರ್ಚಿಗೆ ನಿನ್ನ ಹೆಸರು ಅಂಟಿಸಲು ಹೇಳಿದ್ದೇನೆ. ಬಂದರೆ ಕೂತುಕೋ. ಬಾರದಿದ್ದರೆ ಅದು ಖಾಲಿಯೇ ಇರುತ್ತದೆ, ನಿನ್ನ ಮಾತು ಬಂದಾಗಲೆಲ್ಲ ಅದರ ಕಡೆ ಕೈ ತೋರಿಸುತ್ತೇನೆ. ಪಕ್ಕದ ಕುರ್ಚಿ ಗಂಡಿನ ತಾಯಿಗೆ.

ಫ್ರೇಡೆಲ್‌ಳ ಯೋಚನೆ ಮಾತ್ರ ನನ್ನನ್ನು ಕೊರೆಯುತ್ತಿತ್ತು. ಅವಳನ್ನೇ ಕೇಳಿದೆ. "ಚಮಚಕ್ಕೆ ಹೆದರಿ ಓಡಿಹೋಗೋ ಹುಡುಗ ನಂಗೆ ಯಾಕೆ ಚಿಕ್ಕಮ್ಮ?" ಎಂದಳು. ಅಪ್ಪನ ಮೊಮ್ಮಗಳು.

ಅವಳಿಗೆ ನನ್ನ ಆಶೀರ್ವಾದ ತಿಳಿಸು. ಅವಳ ಮನೆಯಲ್ಲಿ ಎಷ್ಟು ಬಗೆಯ ಪಾತ್ರೆಗಳಾದರೂ ಇರಲಿ, ಮೇಜಿನ ಸುತ್ತ ಎಲ್ಲರಿಗೂ ಕುರ್ಚಿ ಇರಲಿ. ನಿನ್ನ ಮಂಡಿ ಬೇಗ ವಾಸಿಯಾಗಲಿ.

ನಿನ್ನ ತಂಗಿ,
ಗಿತ್ತೆಲ್

ತಾ.ಕ.: ಸ್ಟೂಲಿನ ಬಗ್ಗೆ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಅಮ್ಮ ಹೋದ ಮೇಲೆ ಅಪ್ಪ ಪ್ರತಿ ಶುಕ್ರವಾರ ದೀಪಕ್ಕೆ ಮುಂಚೆ, ನಿನಗೆ ಗೊತ್ತಾಗದ ಹಾಗೆ ನನಗೆ ಫೋನ್ ಮಾಡುತ್ತಿದ್ದರು. "ಬೆಳೀತಿದ್ದೀಯೇನೇ?" ಎಂದು ಕೇಳಿ ಇಟ್ಟುಬಿಡುವರು. ಎರಡು ವರ್ಷದ ಹಿಂದೆ ನಾಲ್ಕು ಶುಕ್ರವಾರ ಫೋನ್ ಬರಲಿಲ್ಲ. ಕೊನೆಗೆ ಅವರೂ ನಿನ್ನ ಪಕ್ಷ ಸೇರಿದರೆಂದು ಹಟ ಹಿಡಿದು ನಾನೂ ಮಾಡಲಿಲ್ಲ. ನಾಲ್ಕು ವಾರವೂ ಅವರನ್ನು ಬೈದುಕೊಂಡೆ. ಅವರಾಗಲೇ ಮಣ್ಣಿನಲ್ಲಿದ್ದರು. ನಿನ್ನ ಚೀಟಿ ಬಂದದ್ದು ಮೂವತ್ತೊಂದನೆಯ ದಿನ. ಮೂವತ್ತರೊಳಗೆ ಸುದ್ದಿ ತಿಳಿದರೆ ಮಗಳು ಏಳು ದಿನ ಕುಳ್ಳು ಸ್ಟೂಲಿನ ಮೇಲೆ ಕೂತು ಅಳಬಹುದು, ದಾಟಿದರೆ ಒಂದೇ ಗಂಟೆ. ಈ ನಿಯಮವನ್ನು ನನಗೆ ಕಲಿಸಿದವಳೇ ನೀನು. ದಿನ ಎಣಿಸುವುದು ತಪ್ಪಿತು ಎಂದು ನೀನು ಬರೆದಿದ್ದೆ. ಪೆಸಾಹ್ ಹಬ್ಬದಿಂದಾಚೆಯ ನಲವತ್ತೊಂಬತ್ತು ದಿನಗಳನ್ನು ಚಿಕ್ಕಂದಿನಿಂದ ಒಂದೂ ಬಿಡದೆ ಎಣಿಸಿದವಳು ನೀನು.

ನೀನು ನನಗೆ ಒಂದು ಗಂಟೆ ಕೊಟ್ಟೆ. ಅದನ್ನೇ ಊರೂರಿಗೆ ಒಯ್ದು ಕೂತುಕೊಳ್ಳುತ್ತಿದ್ದೇನೆ. ಗುರುವಾರದ್ದು ಅರವತ್ತೆರಡನೆಯದು. ಬಂದು ಎಣಿಸು.