ಮುಯಾಂಜೆ ಗುಡ್ಡದ ಆಟಗಾರ

ಮಾರ್ಚ್ 3, ಸೋಮವಾರ

ಇಲ್ಲ ಚಿಕ್ಕಪ್ಪ, ನಾನು ಜಮೀನು ಕೇಳೋಕೆ ಬಂದವನಲ್ಲ. ಎಷ್ಟು ಸಲ ಹೇಳಲಿ? ಎದುರಿಗೆ ಹೇಳಿದರೆ ನೀವು ಕೇಳಿಸಿಕೊಳ್ಳಲ್ಲ. ಅದಕ್ಕೆ ಇಲ್ಲಿ ಬರೀತಿದ್ದೀನಿ.

ಬೇಕಾಗಿರೋದು ಒಂದು ಸಹಿ. ಬುರುಂಡಿ ಫುಟ್‌ಬಾಲ್ ಟೀಮಿಗೆ ಕರೆದಿದ್ದಾರೆ. ಆಡಬೇಕಂದ್ರೆ ಪಾಸ್‌ಪೋರ್ಟ್. ಪಾಸ್‌ಪೋರ್ಟಿಗೆ ‘ಇವನು ನಮ್ಮ ಗುಡ್ಡದವನು’ ಅಂತ ಕಾಗದ; ಇಲ್ಲಿ ಗುಡ್ಡವೇ ಊರು. ಆ ಕಾಗದಕ್ಕೆ ಗುಡ್ಡದ ಹಿರಿಯರ ಸಹಿ, ರಕ್ತಸಂಬಂಧಿ ಒಬ್ಬರ ಸಹಿ. ಹದಿನಾಲ್ಕನೇ ತಾರೀಖು ಕೊನೆ.

ಅಪ್ಪ ಸತ್ತು ಆರು ವರ್ಷ. ಉಳಿದಿರುವ ಸಂಬಂಧಿ ಮಿಬುರೊ ಚಿಕ್ಕಪ್ಪ ಒಬ್ಬರೇ; ನಾನು ಇಳಿದುಕೊಂಡಿರೋದೂ ಅವರ ಮನೆಯಲ್ಲೇ. ಯುದ್ಧದಲ್ಲಿ ಅಪ್ಪ ಟಾನ್ಸಾನಿಯಾಕ್ಕೆ ಓಡಿಹೋದ ಮೇಲೆ ಅಪ್ಪನ ಪಾಲಿನ ಬಾಳೆತೋಟ ಹಿಡಿದು ಕೂತಿರುವವರೂ ಅವರೇ. ಸಹಿ ಹಾಕಿದರೆ ನಾನು ಅಣ್ಣನ ಮಗ. ಅಣ್ಣನ ಮಗನಿಗೆ ಪಾಲುಂಟು. ಅಷ್ಟೇ ಭಯ.

ಮಾರ್ಚ್ 4

ಬೆಳಿಗ್ಗೆ ಐದಕ್ಕೆ ಗುಡ್ಡ ಹತ್ತಿ ಇಳಿದೆ, ನಾಲ್ಕು ಸಲ. ಕಾಲು ಚೆನ್ನಾಗಿದೆ. ದಾರಿಯಲ್ಲಿ ಹೆಂಗಸರು ನಕ್ಕರು — “ನೋಡೇ, ಟಾನ್ಸಾನಿಯಾದವನು! ಪೊಲೀಸ್ ಅಟ್ಟಿಸ್ಕೊಂಡು ಬಂದಂಗೆ ಓಡ್ತಾನೆ.”

ಅಲ್ಲಿ ಹತ್ತನೇ ಕ್ಲಾಸ್ ತನಕ ‘ಬುರುಂಡಿಯವನು’ ಅಂತಲೇ ಕರೆದರು. ಟೀಮಿನ ಆಯ್ಕೆಗೂ ನಿಲ್ಲಿಸಲಿಲ್ಲ. ಇಲ್ಲಿ ಟಾನ್ಸಾನಿಯಾದವನಂತೆ. ಹೋಗಲಿ… ಎಲ್ಲಿಯವನು ಅಂತ ಚೆಂಡು ಯಾವತ್ತೂ ಕೇಳಿಲ್ಲ.

ಮಾರ್ಚ್ 8, ಶನಿವಾರ, ಮಧ್ಯಾಹ್ನ

ಚಿಕ್ಕಪ್ಪ ತಾವೇ ಕರೆದರು. ಬಾಳೆಹಣ್ಣಿನ ಹೆಂಡದ ಮಡಕೆ, ಹೀರೋಕೆ ಎರಡು ಕೊಳವೆ. ನನ್ನ ಮುಂದೆ ಒಂದು ಇಟ್ಟರು. ಆಗಲೇ ಅನುಮಾನ ಬಂತು.

“ಎವಾರಿಸ್ಟ್, ಸಹಿ ಹಾಕ್ತೀನಪ್ಪ. ನನ್ನ ಮಗ ಅಂತ ಬರೆಸೋಣ. ಇದೇ ಗುಡ್ಡದಲ್ಲಿ ಹುಟ್ಟಿದವನು ಅಂತ.”

“ನಾನು ಹುಟ್ಟಿದ್ದು ಗಡಿಯಾಚೆ ಕಸುಲು ಹತ್ರ, ನಿರಾಶ್ರಿತರ ಶಿಬಿರದಲ್ಲಿ.”

“ಶಿಬಿರ ಅಂದ್ರೆ ನೂರು ಪ್ರಶ್ನೆ ಕೇಳ್ತಾರೆ ಕಣೋ. ಇಲ್ಲಿ ಅಂದ್ರೆ ಒಂದೂ ಇಲ್ಲ. ನಿನಗೂ ಸಲೀಸು, ನನಗೂ ಸಲೀಸು.”

ಅವರಿಗೆ ನಿಜಕ್ಕೂ ಸಲೀಸು. ಅವರ ಆರು ಮಕ್ಕಳ ಜೊತೆ ನಾನು ಏಳನೆಯವನು. ಅಪ್ಪ ಮಕ್ಕಳಿಲ್ಲದೆ ಸತ್ತ ಹಾಗೆ, ಅವನ ತೋಟ ಚಿಕ್ಕಪ್ಪನದೇ. ಕೊಳವೆ ಬಾಯಿಗಿಡಲಿಲ್ಲ. ಇಟ್ಟರೆ ಒಪ್ಪಿದ ಹಾಗೆ ಇಲ್ಲಿ.

ಮಾರ್ಚ್ 12

ಮೂರು ದಿನ ಕಾದೆ. ಇವತ್ತು ಹಿರಿಯರು ಕೂತರು. ಕರೆಂಜೊ ಅಜ್ಜನೇ ಅವರಲ್ಲಿ ದೊಡ್ಡವರು, ಕಣ್ಣು ಮಂಜು. ಕೋಲು ನೆಲಕ್ಕೆ ಬಡಿದು ಕೇಳಿದರು:

“ನಿಯೊಂಗೆರೆ ಮಗ ಅಂತೀಯ. ಅವನ ಜಮೀನಿನ ಎಲ್ಲೆ ಹೇಳು. ಯಾರ್ಯಾರೋ ಬಂದು ಮಗ ಅಂತಾರಪ್ಪ.”

ಚಿಕ್ಕಪ್ಪ ನಕ್ಕರು. ಒಂದು ದಿನವೂ ಕಾಲಿಟ್ಟವನಲ್ಲ ನಾನು!

ಆದರೆ ಶಿಬಿರದಲ್ಲಿ ಅಪ್ಪ ಕೋಲಿನಿಂದ ಗೀಚಿಕೊಟ್ಟ ಅಂಕಣದಲ್ಲೇ ನಾನು ಆಡಿ ಬೆಳೆದದ್ದು. ಅಡ್ಡಾದಿಡ್ಡಿ ಅಂಕಣ. ಬೇರೆ ಹುಡುಗರು ಗೇಲಿ ಮಾಡುತ್ತಿದ್ದರು. ಒಂದೊಂದು ಮೂಲೆಗೂ ಅಪ್ಪ ಹೆಸರಿಟ್ಟಿದ್ದ. ಕಾರ್ನರ್ ಹೊಡೆಯುವ ಮುಂಚೆ ಹೆಸರು ಕೂಗಬೇಕಿತ್ತು.

ಕೂಗಿದೆ. ಒರತೆಯ ಕಲ್ಲು. ಕಳ್ಳಿಬೇಲಿ. ಅವಳಿ ಅತ್ತಿಮರ. ಕುಂಬಾರಗಿತ್ತಿಯ ಗುಂಡಿ.

ಅಜ್ಜ ಕೋಲು ಪಕ್ಕಕ್ಕಿಟ್ಟರು.

“ಗುಂಡಿ ಮುಚ್ಚಿ ಇಪ್ಪತ್ತೈದು ವರ್ಷ ಆಯ್ತು,” ಅಂದರು ಅಜ್ಜ. “ಮಿಬುರೊ, ನಿನ್ನ ಮಕ್ಕಳಿಗೇ ಗೊತ್ತಿಲ್ವಲ್ಲೋ ಇದು!”

ಬರೆಸಿದರು. ತಂದೆ: ನಿಯೊಂಗೆರೆ, ಮುಯಾಂಜೆ ಗುಡ್ಡ. ಹುಟ್ಟಿದ್ದು: ಟಾನ್ಸಾನಿಯಾ. ಹಿರಿಯರ ಸಹಿ ಆಯಿತು. ಚಿಕ್ಕಪ್ಪ ಎದ್ದು ಹೋದರು. ಕೊನೇ ಸಾಲು ಖಾಲಿ.

ಮಾರ್ಚ್ 14, ಶುಕ್ರವಾರ, ಬೆಳಿಗ್ಗೆ 6

ಕೋಚ್ ಡೆಸಿರೆ ಫೋನ್ ಮಾಡಿದ್ದರು. “ಯಾವ ಅಪ್ಪನಾದ್ರೇನು ಮಾರಾಯ? ಜರ್ಸಿ ಮೇಲೆ ನಿನ್ನ ಹೆಸರು ತಾನೆ ಇರೋದು? ಚಿಕ್ಕಪ್ಪನ ಕಾಗದಾನೇ ತಗೊಂಡು ಬಾ.”

“ಒಂದು ಸಾಲು ಖಾಲಿ ಇರೋದೇ ತರ್ತೀನಿ, ಸರ್.”

“ವಾಪಸ್ ಕಳಿಸಿದ್ರೆ?”

“ಪಾಸ್‌ಪೋರ್ಟ್ ಆಫೀಸಿನ ಬಾಗಿಲಲ್ಲೇ ಕೂರ್ತೀನಿ. ಅಣ್ಣನ ಮಗ ಅಂತ ಯಾಕೆ ಬರೆದುಕೊಡಲ್ಲ ಅಂತ ಚಿಕ್ಕಪ್ಪನನ್ನೇ ಕರೆಸಿ ಕೇಳಲಿ.”

ಚಿಕ್ಕಪ್ಪ ‘ನನ್ನ ಮಗ’ ಅಂತ ಬರೆಸಿದ ಕಾಗದ ಮೇಜಿನ ಮೇಲಿದೆ. ಪೆನ್ನೂ ಇಟ್ಟಿದ್ದಾರೆ ಪುಣ್ಯಾತ್ಮರು. ಅಂಗಳದಿಂದ ಕೂಗುತ್ತಿದ್ದಾರೆ — “ಅರ್ಧ ಕಾಗದ ನೋಡಿ ಪೇಟೆಯಲ್ಲಿ ನಗ್ತಾರೆ ಕಣೋ! ಆಟ ಹೋಯ್ತು ಅನ್ಕೋ!”

ನಗಲಿ. ಆಡಿದರೆ ನಿಯೊಂಗೆರೆ ಮಗನಾಗಿ ಆಡುತ್ತೇನೆ. ಇಲ್ಲದಿದ್ದರೆ… ಇನ್ನೊಂದು ಮಾತು ಚಿಕ್ಕಪ್ಪ. ಜಮೀನು ಬೇಡ ಅಂದಿದ್ದೆನಲ್ಲ? ಈಗ ಬೇಕು.

ಬಸ್ ಹಾರ್ನ್. ಬೂಟು, ಖಾಲಿ ಸಾಲಿನ ಕಾಗದ ಚೀಲಕ್ಕೆ ಹಾಕಿದ್ದೀನಿ. ಹೊರಟೆ. ಬಾಗಿಲು ನಾನೇ ಎಳೆದುಕೊಂಡು ಹೋಗ್ತೀನಿ.